ಮೊಟ್ಟೆಗೊಂದು ನಡುವಿನ ತಂತಿ

ಮನೆಯಲ್ಲಿ ಅಷ್ಟೊಂದು ಮೂಲೆಗಳಿದ್ದರೂ ಕೋಳಿ ಕಾವಿಗೆ ಕೂತದ್ದು ರೇಡಿಯೋ ರಿಪೇರಿಯವನ ಮೇಜಿನ ಕೆಳಗಿನ ಬುಟ್ಟಿಯಲ್ಲಿ. ಎಬ್ಬಿಸಲು ಹೋದವರ ಕೈ ಕುಕ್ಕಿತು. ಬುಟ್ಟಿಯನ್ನು ಅಲ್ಲೇ ಬಿಟ್ಟರು. ಮರಿಗಳು ಹೊರಬರುವ ದಿನ ಬಂದರೂ ಮೊಟ್ಟೆಗಳು ಉಸಿರೆತ್ತದಿದ್ದಾಗ ಬೆಳಿಗ್ಗೆಯೇ ತಕರಾರು ಶುರುವಾಯಿತು.

“ನಿಮ್ಮ ಬೆಸುಗೆ ಹೊಗೆ ಕುಡಿದೂ ಕುಡಿದೂ ಎಲ್ಲಾ ಸತ್ತಿವೆ,” ಎಂದಳು ಹೆಂಡತಿ. “ಸಂಜೆಗೆ ಮೊಟ್ಟೆ ತಿಪ್ಪೆಗೆ, ಈ ಮೇಜು ಕೊಟ್ಟಿಗೆಗೆ.”

“ಜೀವ ಇದೆ ಕಣೇ.”

“ನೋಡಿದ್ರಾ?”

“ನೋಡಕ್ಕಾಗಲ್ಲ. ಕೇಳಿಸ್ತೀನಿ, ಇರು.”

ಬಾಯಿಂದ ಜಾರಿದ ಮಾತು. ಕೊಟ್ಟಿಗೆಯಲ್ಲಿ ಕರೆಂಟಿಲ್ಲ; ಇದ್ದದ್ದು ಒಂದು ಎಮ್ಮೆ, ಅದರ ಬಾಲ. ಮೇಜು ಅಲ್ಲಿಗೆ ಹೋದರೆ ಅವನ ಕಸುಬೂ ಹೋದಂತೆಯೇ. ಮೊಟ್ಟೆಗಳನ್ನು ಉಣ್ಣೆ ಶಾಲಿನಲ್ಲಿ ಸುತ್ತಿ ಮೇಜಿನ ಮೇಲಿಟ್ಟ. ಕೋಳಿ ಬೈಯುತ್ತಾ ಹೊರಗೆ ಹೋಯಿತು.

ಸದ್ದು ಹಿಡಿಯಲು ತೆಳ್ಳನೆಯ ಲೋಹದ ಬಿಲ್ಲೆಯೊಂದನ್ನು ಮೊಟ್ಟೆಗೆ ಅಂಟಿಸಿದ. ಅದನ್ನು ದೊಡ್ಡದು ಮಾಡಲು ಆಪ್ ಆ್ಯಂಪ್ ಎಂಬ ಎಂಟು ಕಾಲಿನ ಚಿಪ್ ಇತ್ತು. ಆದರೆ ಅದು ಗತ್ತಿನ ಪ್ರಾಣಿ. ಸದ್ದು ಮೇಲೇರಿದಷ್ಟೇ ಕೆಳಗೂ ಇಳಿಯಬೇಕಲ್ಲ, ಅದಕ್ಕೆ ಒಂದು ಕಡೆ ಪ್ಲಸ್ಸು, ಇನ್ನೊಂದು ಕಡೆ ಮೈನಸ್ಸು, ನಡುವೆ ಸೊನ್ನೆಯ ತಂತಿ, ಹೀಗೆ ಮೂರು ಬೇಕು. ಕರೆಂಟು ಅಳೆಯುವ ಮೀಟರಿನಿಂದ ಬಿಚ್ಚಿದ ಬ್ಯಾಟರಿಗೆ ಇದ್ದದ್ದು ಎರಡೇ ಮೂತಿ. ಮೈನಸ್ಸನ್ನೇ ಸೊನ್ನೆ ಮಾಡಿ, ಹೆಡ್‌ಫೋನು ಕಿವಿಗಿಟ್ಟು ನೋಡಿದ. ಇಳಿಯಲು ಜಾಗವಿಲ್ಲದ ಸದ್ದು ಅರ್ಧಕ್ಕೇ ತುಂಡಾಗಿ, ಗಂಟಲಲ್ಲಿ ಕಫ ಕಟ್ಟಿದವನಂತೆ ಗೊರಗುಟ್ಟಿತು.

ಹೆಂಡತಿ ಬೇಲಿಯಾಚೆಗೆ ದಾಟಿಸಿದ ಸುದ್ದಿ ಹಿಡಿದು ಪಕ್ಕದ ಮನೆಯ ದರ್ಜಿ, ಕೊರಳಲ್ಲಿ ಟೇಪು ಸಮೇತ ಬಂದ.

“ಏನಯ್ಯಾ, ಕೋಳಿಮರಿ ಜೊತೆ ಫೋನಲ್ಲಿ ಮಾತಾಡ್ತೀಯಂತೆ?”

“ಬ್ಯಾಟರಿಗೆ ಮಧ್ಯ ಸಿಗ್ತಿಲ್ಲ ಕಣಯ್ಯಾ.”

“ಇಷ್ಟೇನಾ?” ದರ್ಜಿ ಬ್ಯಾಟರಿಯನ್ನು ಟೇಪಿನಲ್ಲಿ ಅಳೆದು, ಸರಿಯಾಗಿ ಅರ್ಧಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅದರ ಹೊಟ್ಟೆಗೆ ತಂತಿ ಬಿಗಿದು ಕೊಟ್ಟ. “ತಗೋ ನಿನ್ನ ಮಧ್ಯ. ಒಂದು ನೂಲೂ ಆಚೀಚೆ ಇಲ್ಲ.”

ರಿಪೇರಿಯವನು ಆ ತಂತಿ ಬಿಚ್ಚಿಟ್ಟ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ: “ಮಧ್ಯ ಹೊರಗಿಲ್ಲ, ಒಳಗಿದೆ. ಇಂಥದ್ದೇ ಇನ್ನೊಂದು ಬ್ಯಾಟರಿ ಇದ್ರೆ ಎರಡನ್ನೂ ಸೇರಿಸ್ಬಹುದು. ಸೇರೋ ಜಾಗವೇ ಸೊನ್ನೆ.”

“ನನ್ನ ಬಾಗಿಲ ಗಂಟೇಲಿದೆ, ಬಿಚ್ಕೋ. ಗಿರಾಕಿಗಳು ಬಂದು ಬಟ್ಟೆ ಕೇಳೋದಾದ್ರೂ ತಪ್ಪಲಿ.”

ಬ್ಯಾಟರಿ ಬಂತು. ಅವಸರದಲ್ಲಿ ಮೈನಸ್ಸಿಗೆ ಮೈನಸ್ಸು ಜೋಡಿಸಿದ. ಹೆಡ್‌ಫೋನು ಮುನಿಸಿಕೊಂಡ ಅಳಿಯನ ಹಾಗೆ ಮೌನವಾಯಿತು.

“ಎತ್ತು ಏರಿಗೆ, ಕೋಣ ನೀರಿಗೆ ಎಳೀತಿವೆಯೇನೋ,” ಎಂದ ದರ್ಜಿ.

ರಿಪೇರಿಯವನು ಹಣೆ ಚಚ್ಚಿಕೊಂಡು, ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸಿ, ಆ ಗಂಟಿನಿಂದ ಸೊನ್ನೆಯ ತಂತಿ ಎಳೆದ. ಉಳಿದೆರಡು ಮೂತಿಗಳು ಚಿಪ್‌ನ ಎರಡು ಕಡೆಗೆ ಹೋದವು. ಗೊರಗೊರ ನಿಂತಿತು. ತೊಳೆದ ಹಲಗೆಯಂಥ ನಿಶ್ಶಬ್ದ. ಅದರ ಆಳದಿಂದ—

ಟಿಕ್. ಟಿಕ್ ಟಿಕ್. ಹಿಂದೆಯೇ ಕೂದಲೆಳೆಯಷ್ಟು ಸಣ್ಣ ‘ಚಿಯ್’.

ದರ್ಜಿ ಕೇಳಿ ಬಾಯಿ ಮುಚ್ಚುವುದನ್ನೇ ಮರೆತ. ಕೊನೆಗೆ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡು ಹೆಡ್‌ಫೋನು ಹಾಕಿಕೊಂಡಳು. ಅವಳ ಹುಬ್ಬಿನ ಗಂಟು ಒಂದೊಂದೇ ಎಳೆಯಾಗಿ ಬಿಚ್ಚಿತು.

“ರೀ, ಇದು ಕರೀತಾ ಇದೆ ಕಣ್ರೀ!” ಎಂದು ಪಿಸುಗುಟ್ಟಿ, ಒಂದಾದಮೇಲೊಂದರಂತೆ ಎಲ್ಲ ಮೊಟ್ಟೆಗೂ ಬಿಲ್ಲೆ ಇಡಿಸಿ ಕೇಳಿದಳು. ಎಲ್ಲವೂ ಟಿಕ್ ಟಿಕ್.

“ಹಾಗಾದ್ರೆ ಮೇಜು?” ಎಂದು ಅವನು ಎದೆಯುಬ್ಬಿಸಿ ಕೇಳಿದ.

“ಇಲ್ಲೇ ಇರಲಿ. ಯಾರು ಮುಟ್ತಾರೋ ನೋಡೇ ಬಿಡ್ತೀನಿ.”

ಗೆದ್ದೆನೆಂದುಕೊಂಡು ಮೊಟ್ಟೆಗಳನ್ನು ಬುಟ್ಟಿಗೆ ಹಾಕಿ ಕೋಳಿಯನ್ನು ಕರೆದ. ದಿನವಿಡೀ ಹೊರಗೆ ತಿರುಗಿದ ಕೋಳಿ ಬೇಲಿಯ ಬುಡದಲ್ಲಿ ಹುಂಜದ ಜೊತೆ ಮಣ್ಣು ಕೆದಕುತ್ತಿತ್ತು. ಬುಟ್ಟಿ ತೋರಿಸಿದರೆ, ಯಾರದೋ ಮನೆಯ ಮೊಟ್ಟೆ ಎಂಬಂತೆ ಕತ್ತು ತಿರುಗಿಸಿತು.

“ಕಾವು ಬಿಟ್ಟ ಕೋಳಿ ಇನ್ನು ಕೂರಲ್ಲ ಬಿಡು,” ಎಂದ ದರ್ಜಿ.

ಹೆಂಡತಿ ಒಂದು ಗಳಿಗೆಯೂ ಯೋಚಿಸಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಮೇಲಿದ್ದ ರೇಡಿಯೋ, ಮೀಟರು, ತಂತಿಗಳನ್ನೆಲ್ಲ ಮಂಕರಿಗೆ ತುಂಬಿದಳು. ಅಲ್ಲಿ ಶಾಲು ಹಾಸಿ, ಮೊಟ್ಟೆ ಜೋಡಿಸಿ, ಕಾವಿಗೆಂದು ಮೇಜಿನ ದೀಪವನ್ನು ಅವುಗಳ ಮೇಲೆ ಬಗ್ಗಿಸಿಟ್ಟಳು. ಬೆಸುಗೆ ಕಡ್ಡಿಯನ್ನು ಕಿತ್ತು ಅದೇ ಪ್ಲಗ್ಗಿಗೆ ದೀಪ ಸಿಕ್ಕಿಸಿದಳು. ಮನೆಯಲ್ಲಿ ಇದ್ದದ್ದು ಅದೊಂದೇ ಪ್ಲಗ್ಗು.

“ಜೀವ ಇದೆ ಅಂತ ನೀವೇ ತೋರಿಸಿದ್ರಲ್ಲ. ಇನ್ನು ಬಿಡಕ್ಕಾಗುತ್ತಾ?”

ಮುಸ್ಸಂಜೆಗೆ ಗಿರಾಕಿಯೊಬ್ಬ ಬಂದು, “ನನ್ನ ರೇಡಿಯೋ ಆಯ್ತಾ?” ಎಂದು ಬಾಗಿಲಲ್ಲೇ ಕೂಗಿದ.

“ಮೆಲ್ಲಗೆ!” ಎಂದು ಅವಳು ಗದರಿದಳು. “ಒಳಗೆ ಮಕ್ಕಳಿವೆ. ರಿಪೇರಿಯವರು ಬೇಕಿದ್ರೆ ಕೊಟ್ಟಿಗೆಗೆ ಹೋಗಿ.”