ಮಡಚೋ ಫೋನು, ಮಾವನ ಟಗರು

ನಂಬದಿದ್ದರೆ ಎದ್ದು ಹೋಗಿ, ನನಗೇನೂ ಬೇಜಾರಿಲ್ಲ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಸೇರಿಸಿ ಮಡಚೋ ಫೋನನ್ನು ಭತ್ತದ ಗದ್ದೆಗೆ ಇಳಿಸಿದ ಮೊದಲ ಗಂಡಸು ನಾನೇ. ಬೇರೆ ಯಾರಾದರೂ ಇದ್ದರೆ ಮುಂದೆ ಬರಲಿ. ಇಂಥ ಫೋನು ಕಿಸೆಯಲ್ಲಿದ್ದ ಮೇಲೆ ಮನುಷ್ಯ ತನ್ನ ಪಾಡಿಗೆ ತಾನು ಇರಲು ಆಗುವುದಿಲ್ಲ, ವಾರಕ್ಕೊಂದು ಏನಾದರೂ ನಡೆದೇ ನಡೆಯುತ್ತದೆ. ನಡೆದದ್ದರಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ. ಒಂದಕ್ಷರ ಹೆಚ್ಚಿಲ್ಲ. ನನ್ನ ಮರ್ಯಾದೆಯ ವಿಷಯ ಬಂದ ಕಡೆ ಒಂದೆರಡು ಕಡಿಮೆ ಇರಬಹುದು.

ನಾನು ಸಾಲಗುಂದದವನು. ಸುಗ್ಗಿಯಲ್ಲಿ ಭತ್ತ ಕೊಯ್ಯುವ ಮಷಿನ್ನುಗಳನ್ನು ಗದ್ದೆಗಳಿಗೆ ಹೊಂದಿಸಿ ಕೊಡುವುದು ನನ್ನ ಕೆಲಸ. ಯಾರ ಗದ್ದೆ ಯಾವತ್ತು, ಮಷಿನ್ನು ಯಾವ ಕಾಲುವೆ ದಾಟಿ ಬರಬೇಕು, ಎಲ್ಲ ಫೋನಿನಲ್ಲೇ. ಅದಕ್ಕೆ ದೊಡ್ಡ ಪರದೆ ಬೇಕು. ನನ್ನ ಕಿಸೆ ಸಣ್ಣದು. ಎರಡಕ್ಕೂ ಹೊಂದುವ ಫೋನು ಜಗತ್ತಿನಲ್ಲಿ ಒಂದೇ ಜಾತಿಯದು, ನಾನು ಅದನ್ನು ತಂದೆ. ಇದರಲ್ಲಿ ಶೋಕಿ ಏನೂ ಇರಲಿಲ್ಲ. ಊರಿನ ಎಲ್ಲಾ ಚಾದ ಅಂಗಡಿಗೂ ಹೋಗಿ ತೋರಿಸಿದ್ದು ಬೇರೆ ಮಾತು.

ಪಂದ್ಯ

ನಮ್ಮಕ್ಕನನ್ನು ಗುರುಗುಂಟಾಕ್ಕೆ ಕೊಟ್ಟಿದ್ದೇವೆ. ಅವಳ ಗಂಡ, ಅಂದರೆ ನಮ್ಮ ಮಾವ, ಕುರಿ ಸಾಕುತ್ತಾನೆ. ಅವನ ಹತ್ತಿರ ಒಂದು ಟಗರು ಇದೆ. ಕೊಂಬು ಎರಡು ಸುತ್ತು, ಹಣೆ ಬೀಸುವ ಕಲ್ಲು, ದಿನಾ ಹುರುಳಿ ತಿನ್ನುತ್ತದೆ. ಮಾವ ಅದರ ಜತೆ ಆಡುವಷ್ಟು ಮಾತನ್ನು ಅಕ್ಕನ ಜತೆ ಆಡುವುದಿಲ್ಲ. ಅದರ ಬಗ್ಗೆ ಅಕ್ಕನಿಗೂ ತಕರಾರಿಲ್ಲ.

ಮಾವನ ಫೋನು ಮಾಮೂಲಿ ಫೋನು. ಹಿಂದಿನ ಮುಚ್ಚಳ ಉಬ್ಬಿ ಎದ್ದಿತ್ತು. ಅದಕ್ಕೊಂದು ರಬ್ಬರ್ ಬ್ಯಾಂಡು ಸುತ್ತಿದ್ದ. ಆ ಫೋನು ಬೇವಿನ ಮರದಿಂದ ಬಿದ್ದಿದೆ, ಕುರಿ ನೀರು ಕುಡಿಯುವ ತೊಟ್ಟಿಯಲ್ಲಿ ಮುಳುಗಿದೆ. ಪ್ರತಿ ಸಲ ಮಾವ ಎತ್ತಿಕೊಂಡು, ರಬ್ಬರ್ ಬ್ಯಾಂಡು ಸರಿ ಮಾಡಿ, "ಹಲೋ" ಅನ್ನುತ್ತಾನೆ. ಆ ಕಡೆಯಿಂದ ಯಾರೋ "ಹಲೋ" ಅನ್ನುತ್ತಾರೆ.

ನಾನು ನನ್ನ ಫೋನನ್ನು ಅವನ ಮುಂದೆ ಬಿಚ್ಚಿದೆ. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದು ಕಿಡಕಿ ಆತಲ್ಲೋ ಅಳಿಯಾ."

"ಫೋನು, ಮಾವ."

"ನಡು ಕೀಲೈತಿ. ಕೀಲಿದ್ದದ್ದು ನಮ್ಮ ಕಡಿ ಧೂಳಿನ್ಯಾಗ ಎಷ್ಟು ದಿನ ಬಾಳಿಕಿ ಬರತೈತಿ?"

"ನಿನ್ನ ರಬ್ಬರ್ ಬ್ಯಾಂಡಿಗಿಂತ ಹೆಚ್ಚು."

ಈ ಮಾತು ಮಾವನಿಗೆ ನಾಟಿತು. ಅಕ್ಕನನ್ನು ಸಾಕ್ಷಿಗೆ ಕರೆದು ಪಂದ್ಯ ಕಟ್ಟಿದ. ಎಳ್ಳು ಅಮಾವಾಸ್ಯೆ, ನಮ್ಮ ಮಾತಿನ ಎಳ್ಳಮಾಸಿ ದಿನ ಹೊತ್ತು ಮುಳುಗುವ ತನಕ ನನ್ನ ಫೋನು ರಿಪೇರಿ ಕಾಣದೆ ತೆರೆದು ಮುಚ್ಚುತ್ತಿದ್ದರೆ ಟಗರು ನನ್ನದು. ಕೆಟ್ಟರೆ, ಹೊಲಕ್ಕೆ ಬಂದ ಬೀಗರು ಬಿಜ್ಜರ ಎದುರಿಗೆ ನಿಂತು "ನಿನ್ನ ಫೋನೇ ಚಲೋ ಮಾವ" ಎಂದು ನಾನು ಹೇಳಬೇಕು.

"ಅದೇನ್ ದೊಡ್ಡದು, ಒಂದು ಮಾತು ಅಲ್ಲ?" ಅಂದಳು ಅಕ್ಕ.

ಅಕ್ಕನಿಗೆ ನನ್ನ ಬಗ್ಗೆ ಏನೂ ಗೊತ್ತಿಲ್ಲ. ಆ ಮಾತು ಆಡುವುದಕ್ಕಿಂತ ಟಗರು ಕೊಡುವುದು ಸುಲಭ.

ಗೆರೆ

ಪಂದ್ಯ ಕಟ್ಟಿದ ಮೇಲೆ ಪರದೆಗೆ ಒಂದು ಗಾಜು ಹಾಕಿಸೋಣ ಎಂದು ಮಸ್ಕಿಗೆ ಹೋದೆ. ಅಲ್ಲಿ ಒಬ್ಬ ಭಾಯಿಯ ಮೊಬೈಲ್ ಅಂಗಡಿ ಇದೆ. ಭಾಯಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಿಚ್ಚಿದ.

"ಗ್ಲಾಸ್ ಹಚ್ಚತೀನ್ರೀ. ಆದ್ರ ಹಚ್ಚಿದ ಮ್ಯಾಲ ಮಡಚಬ್ಯಾಡ್ರಿ."

"ಮಡಚಾಕಂತಲೇ ತಗೊಂಡೀನಿ ಭಾಯ್."

"ಹಂಗಾರ ಗ್ಲಾಸ್ ಬ್ಯಾಡ್ರಿ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಭಾಯಿ ರಸ್ತೆಗೆ ಮುಖ ಮಾಡಿ, "ಅರೇ, ಇಧರ್ ಆವ್, ದೇಖೋ" ಎಂದು ಕೂಗಿದ. ಬಳೆ ಅಂಗಡಿಯವನು ಬಂದ, ಚಾದವನು ಬಂದ, ಟೈಲರ್ ಕತ್ತಿಗೆ ಟೇಪು ಹಾಕಿಕೊಂಡೇ ಬಂದ. ಒಬ್ಬೊಬ್ಬರೂ ಒಂದೊಂದು ಸಲ ಬಿಚ್ಚಿ ಮುಚ್ಚಿದರು. ನೋಡಿ ಹೋದವರು ಮನೆಯವರನ್ನು ಕರೆದುಕೊಂಡು ಬಂದರು. ಇಷ್ಟು ಸಲ ಮಡಚಬಹುದು ಎಂದು ಡಬ್ಬಿಯಲ್ಲಿ ಏನೋ ಲೆಕ್ಕ ಬರೆದಿತ್ತು. ಅದರಲ್ಲಿ ಒಂದು ಪಾಲನ್ನು ಮಸ್ಕಿಯವರೇ ಮುಗಿಸಿದರು.

ಟೈಲರ್ ಮಾತ್ರ ಹೋಗಲಿಲ್ಲ. ಪರದೆಯನ್ನು ಬೆಳಕಿಗೆ ಓರೆ ಹಿಡಿದು ನಡುವೆ ಬೆರಳಾಡಿಸಿದ. ಮಡಚುವ ಜಾಗದಲ್ಲಿ ಈ ಫೋನುಗಳಿಗೆ ಒಂದು ಸಣ್ಣ ಗೆರೆ ಬೀಳುತ್ತದೆ. ನಾನು ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ.

"ಎಷ್ಟು ರೊಕ್ಕ ಕೊಟ್ಟೀರಿ?" ಅಂದ. ಹೇಳಿದೆ.

ಟೈಲರ್ ತನ್ನ ಅಂಗಡಿಗೆ ಹೋಗಿ ಬಂದ. "ಪೆಟ್ಟಿಗಿ ಕಾದೈತಿ ನೋಡ್ರಿ. ಮ್ಯಾಲ ಹಸಿ ಅರಿವಿ ಹಾಕಿ ಒಂದು ಸಲ ಇಸ್ತ್ರಿ ಎಳದ್ರ ಗೆರಿ ಹೋಗತೈತಿ. ನಿಮ್ಮ ಕಡಿ ಏನೂ ತಗೊಳಂಗಿಲ್ಲ."

ಲಿಂಬೆಹಣ್ಣು

ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಸಾಲಾಗಿ ಇಡುತ್ತೇವೆ. ಕುಡುಗೋಲು, ಪಂಪಿನ ಮೋಟರು, ನನ್ನ ಬೈಕು. ಬೈಕಿನ ಗಾಲಿಗಳ ಕೆಳಗೆ ಒಂದೊಂದು ಲಿಂಬೆಹಣ್ಣು ಇಟ್ಟು ಅದರ ಮೇಲೆ ಹಾಯಿಸುವುದು ರೂಢಿ. ಹಣ್ಣು ಒಡೆದರೆ ದೃಷ್ಟಿ ಹೋಯಿತು ಎಂದು ಅರ್ಥ.

ಫೋನೂ ದುಡಿಯುವ ಸಾಮಾನೇ ಎಂದು ನಾನೇ ತಂದು ಸಾಲಿನ ಕೊನೆಗೆ, ಬಿಚ್ಚಿ, ಇಟ್ಟೆ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ತೆಂಗಿನಕಾಯಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವ್ವ ಎರಡೂ ಭಾಗಕ್ಕೆ ವಿಭೂತಿ ಬಳಿದು, ನಡು ಗೆರೆಯ ಮೇಲೆ ಸರಿಯಾಗಿ ಒಂದು ಲಿಂಬೆಹಣ್ಣು ಇಟ್ಟು, ಫೋನಿನ ಒಂದು ಮಗ್ಗಲು ಹಿಡಿದು ಕುಂತಿದ್ದಳು.

"ಅವ್ವಾ, ಏನು ಮಾಡಾಕತ್ತಿ?"

"ಮುಚ್ಚಾಕತ್ತೀನಿ. ಹಣ್ಣು ಒಡಿಬೇಕಲ್ಲ."

ನಾನು ಕಾಯಿ ಅಲ್ಲೇ ಬಿಟ್ಟು ಓಡಿ ಕೈ ಹಿಡಿದೆ. "ಲಿಂಬಿಹಣ್ಣು ಗಾಲಿ ಬುಡಕ ಇಡೋದವ್ವಾ. ಇದಕ್ಕ ಗಾಲಿ ಇಲ್ಲ."

ಅವ್ವ ಫೋನನ್ನು ಒಮ್ಮೆ ನೋಡಿದಳು, ಬೈಕನ್ನು ಒಮ್ಮೆ ನೋಡಿದಳು.

"ಬೈಕಿಗಿಂತ ಹೆಚ್ಚು ರೊಕ್ಕ ಕೊಟ್ಟಿ. ಅವರು ಗಾಲೀನೂ ಕೊಟ್ಟಿಲ್ಲೇನು?"

ಬೀಜದ ಪಾಕೀಟು

ಸುಗ್ಗಿ ಬಂತು. ಫೋನಿನ ಡಬ್ಬಿಯಲ್ಲಿ ಒಂದು ಹಾಳೆ ಇತ್ತು. ಧೂಳು ತಾಗಿಸಬೇಡಿ, ಮರಳು ತಾಗಿಸಬೇಡಿ, ಉಗುರು ಒತ್ತಬೇಡಿ, ಬಹಳ ಬಿಸಿಲಿಗೆ ಇಡಬೇಡಿ. ಸಾಲಗುಂದದಲ್ಲಿ ಬಳಸಬೇಡಿ ಎಂದು ಒಂದೇ ಮಾತಿನಲ್ಲಿ ಬರೆಯಬಹುದಿತ್ತು.

ಕೊಯ್ಯುವ ಮಷಿನ್ನು ಓಡುವಾಗ ಏಳುವ ಧೂಳು ನೋಡಿದವರಿಗೇ ಗೊತ್ತು. ಸಂಜೆ ಮನೆಗೆ ಹೋದರೆ ನಮ್ಮ ನಾಯಿಯೇ ನನ್ನನ್ನು ನೋಡಿ ಬೊಗಳುತ್ತದೆ. ನನಗೆ ಟಗರು ಕಣ್ಣ ಮುಂದೆ ಇತ್ತು. ಫೋನನ್ನು ಮಡಚಿ, ಭತ್ತದ ಬೀಜದ ಒಂದು ಖಾಲಿ ಪಾಕೀಟಿಗೆ ಹಾಕಿ, ಸುತ್ತಲೂ ಟೇಪು ಬಿಗಿದೆ. ಹೊರಗಿನ ಸಣ್ಣ ಪರದೆ ಕಾಣಲಿ ಎಂದು ಪಾಕೀಟಿನ ತಿಳಿ ಭಾಗವನ್ನು ಮೇಲೆ ಬರುವಂತೆ ಇಟ್ಟೆ. ಬುದ್ಧಿ ಅಂದರೆ ಅದು. ಇಡೀ ಸುಗ್ಗಿ ಒಂದು ಕಣ ಧೂಳು ಒಳಗೆ ಹೋಗಲಿಲ್ಲ.

ಸಿಂಧನೂರಿನ ಹತ್ತಿರ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಒಬ್ಬ ಹಿರಿಯ ರೈತರ ಗದ್ದೆಗೆ ಮಷಿನ್ನು ಇಳಿಸಿದ್ದೆ. ಬದುವಿನ ಮೇಲೆ ನನ್ನ ಪಕ್ಕ ಕುಂತರು.

"ಏಮಯ್ಯಾ, ನಿನ್ನ ಫೋನು ತೆರಿತೈತಂತಲ್ಲ. ತೆರಿ, ನೋಡಾಣ."

"ಈಗ ತೆರಿಯಂಗಿಲ್ರೀ. ಧೂಳು."

"ಮತ್ತ ಯಾವಾಗ?"

"ಸುಗ್ಗಿ ಮುಗೀಲಿ."

"ಕೆಲಸ ಇರೋದು ಸುಗ್ಗ್ಯಾಗ ಅಲ್ಲೇನು?"

"ಹೌದ್ರೀ."

ಹಿರಿಯರು ತಮ್ಮ ಹಳೆಯ ಫೋನು ತೆಗೆದು ನನ್ನ ಪಾಕೀಟಿನ ಪಕ್ಕ ಇಟ್ಟು ಅಳೆದು ನೋಡಿದರು.

"ನಂದು ತೆರಿಯಂಗಿಲ್ಲ. ನಿಂದೂ ತೆರಿಯಂಗಿಲ್ಲ. ನಂದಕ್ಕ ಟೇಪ್ ಖರ್ಚಿಲ್ಲ."

ಮೂರನೇ ಗಂಟು

ಸುಗ್ಗಿ ಮುಗಿಯಿತು, ಪಾಕೀಟು ಹರಿದೆ, ಫೋನು ಮದುಮಗನ ಹಾಗೆ ಹೊರಗೆ ಬಂತು. ಎಳ್ಳಮಾಸಿಗೆ ಇನ್ನು ಒಂದು ವಾರ. ಅಷ್ಟರಲ್ಲಿ ಮಾವನ ಹೊಲದ ಕಾಗದದ ಕೆಲಸಕ್ಕೆ ನಾನೂ ಅವನೂ ಲಿಂಗಸುಗೂರಿಗೆ ಹೋದೆವು. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿ ನನಗೆ ಮತ್ತೆ ಕೆಲಸ ಬೀಳಬಹುದು.

ಗುಮಾಸ್ತರು ಹಳೆಯ ಅರ್ಜಿಯ ನಕಲು ಕೇಳಿದರು. ಮಾವ ಬೆವರಿದ. ನಾನು ಫೋನು ತೆಗೆದು, ಬಿಚ್ಚಿ, ನಕಲನ್ನು ಇಡೀ ಪರದೆಗೆ ತಂದು ಅವರ ಮುಂದೆ ಇಟ್ಟೆ. "ನೋಡಿದಿ ಮಾವ? ನಿನ್ನ ಫೋನಿನ್ಯಾಗ ಇಷ್ಟು ದೊಡ್ಡದು ಕಾಣತೈತೇನು?"

ಗುಮಾಸ್ತರು ಕನ್ನಡಕ ಹಾಕಿಕೊಂಡು ನಿಧಾನ ಓದಿದರು. ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ಸರಿಸಿದರು. ಕೊನೆಗೆ "ಎಲ್ಲ ಬರೋಬರಿ ಐತಿ" ಎಂದು ಫೋನನ್ನು ಮುಚ್ಚಿ, ಮೇಲೆ ಒಂದು ಸೀಲು ಹೊಡೆದು, ರಿಜಿಸ್ಟರಿನಲ್ಲಿ ನಂಬರು ಬರೆದು, ಪಕ್ಕದ ಫೈಲುಗಳ ಜತೆ ಸೇರಿಸಿದರು. ಅವರನ್ನು ಅನ್ನುವ ಹಾಗಿಲ್ಲ. ಇಪ್ಪತ್ತು ಮೂವತ್ತು ವರ್ಷ ಓದಿ ಮುಚ್ಚಿದ್ದೆಲ್ಲ ಫೈಲೇ ಆಗಿದ್ದ ಕೈ ಅದು. ಜವಾನ ಬಂದು ಎಲ್ಲವನ್ನೂ ದಾರ ಹಾಕಿ ಗಂಟು ಕಟ್ಟಿ ಒಳಗೆ ಒಯ್ದ.

ಸೀಲು ಬಿದ್ದ ಸಪ್ಪಳ ನನ್ನ ಕಿವಿಯಲ್ಲೇ ಇತ್ತು. ಮಾವ ತನ್ನ ಫೋನಿನ ರಬ್ಬರ್ ಬ್ಯಾಂಡು ಸರಿ ಮಾಡಿ ನನ್ನ ನಂಬರು ಒತ್ತಿದ.

"ನಿನ್ನದು ಜೀವಂತ ಐತೋ ಇಲ್ಲೋ ನೋಡಾಣ ತಡಿ."

ಒಳಗಿನ ಕೋಣೆಯಲ್ಲಿ ಮೂರನೇ ಗಂಟು ಹಾಡಲು ಶುರು ಮಾಡಿತು. ಮಾವನ ಮುಖ ಸಣ್ಣದಾಯಿತು.

"ಸರ, ಅದು ನನ್ನ ಫೋನ್ರೀ. ಕೊಡ್ರಿ," ಅಂದೆ.

ಗುಮಾಸ್ತರು ಎದ್ದು ನೋಡಿ ಬಂದರು. ಅವರಿಗೂ ನಾಚಿಕೆಯಾಗಿತ್ತು, ಆದರೆ ಕಾನೂನು ಕಾನೂನೇ.

"ಕೊಡಬಹುದಿತ್ತು. ಆದ್ರ ನಂಬರ್ ಬಿದ್ದೈತಿ. ವಾಪಸ್ ಬೇಕಂದ್ರ ಒಂದು ಅರ್ಜಿ ಕೊಡ್ರಿ, ಜತಿಗೆ ನಕಲು ಹಚ್ಚಿ."

ಎಳ್ಳಮಾಸಿ

ಎಳ್ಳಮಾಸಿ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಎಡೆಯ ಅನ್ನವನ್ನು ಬೆಳೆಗೆ ಚರಗ ಎಂದು ಚೆಲ್ಲಿ, ಅಲ್ಲೇ ಕುಂತು ಉಣ್ಣುತ್ತೇವೆ. ಮಾವನ ಜೋಳದ ಹೊಲದಲ್ಲಿ ಬೀಗರು, ನೆಂಟರು, ಓಣಿಯವರು ಎಲ್ಲ ಸೇರಿದ್ದರು. ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಫೋನನ್ನು ಕಚೇರಿಯಿಂದ ಬಿಡಿಸಿಕೊಂಡು ಬರಲು ಐದು ದಿನ ಹಿಡಿದಿತ್ತು, ಆದರೆ ಸೀಲಿನ ಗುರುತು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ನಾನು ತುತ್ತಿಗೊಮ್ಮೆ ಫೋನು ಬಿಚ್ಚಿ ಮುಚ್ಚಿ ಮಾವನಿಗೆ ತೋರಿಸುತ್ತಿದ್ದೆ. ಮಾವ ರೊಟ್ಟಿ ಮುರಿಯುತ್ತಿದ್ದ, ನುಂಗುತ್ತಿರಲಿಲ್ಲ.

ಹೊತ್ತು ಇಳಿಯಿತು. ಮುಳುಗಲು ನಾಲ್ಕು ಬೆರಳು ಇದ್ದಾಗ ಮಾವ ಎದ್ದ. ಬನ್ನಿ ಗಿಡಕ್ಕೆ ಕಟ್ಟಿದ್ದ ಟಗರನ್ನು ಬಿಚ್ಚಿದ. ಅದರ ಕಿವಿಯಲ್ಲಿ ಏನೋ ಹೇಳಿದ. ಹಗ್ಗ ತಂದು ನನ್ನ ಕೈಗೆ ಕೊಟ್ಟ.

"ಹುರುಳಿ ನೆನಿಸಿ ಹಾಕು. ಒಣಾದು ತಿನ್ನಂಗಿಲ್ಲ," ಅಂದ.

ಅಕ್ಕ ಅಂದಳು, "ಆತಲ್ಲ, ನಡಿ ಮನಿಗೆ."

ಅಲ್ಲಿ ನಾನು ಹೊರಟಿದ್ದರೆ ಈಗ ಇದನ್ನು ಬೇರೆ ರೀತಿ ಬರೆಯುತ್ತಿದ್ದೆ. ಆದರೆ ಅಷ್ಟು ಜನ ಸೇರಿದ್ದರು. ಮಡಚೋ ಫೋನಿನ ಒಂದು ಗುಣವನ್ನು ನಾನು ಇನ್ನೂ ಯಾರಿಗೂ ತೋರಿಸಿರಲಿಲ್ಲ. ಅರ್ಧ ಬಿಚ್ಚಿ ಇಟ್ಟರೆ ಅದು ತಾನೇ ನಿಂತುಕೊಂಡು ಫೋಟೋ ತೆಗೆಯುತ್ತದೆ.

"ಎಲ್ಲಾರೂ ನೋಡ್ರಿ," ಅಂದೆ. "ಮಾವ, ನಿನ್ನದನ್ನ ಹಿಂಗ ನಿಂದ್ರಸು ನೋಡಾಣ."

ಮಾವ ತನ್ನ ಫೋನನ್ನು ನೆಲದ ಮೇಲೆ ನಿಲ್ಲಿಸಿದ. ಅದು ಬಿತ್ತು. ಜನ ನಕ್ಕರು. ನಾನು ನನ್ನದನ್ನು ಅರ್ಧ ಬಿಚ್ಚಿ ಬದುವಿನ ಮೇಲೆ ನಿಲ್ಲಿಸಿದೆ, ಪರದೆ ನಮ್ಮ ಕಡೆಗೆ. ನಾನು ಬಂದು ಟಗರಿನ ಪಕ್ಕ ಕುಂತೆ, ಮೀಸೆ ತಿರುವಿದೆ. ಪರದೆಯಲ್ಲಿ ನಾನು ಕಂಡೆ, ಟಗರೂ ಕಂಡಿತು.

ಟಗರಿಗೂ ಟಗರು ಕಂಡಿತು.

ಅದು ಆ ಟಗರನ್ನು ನೋಡಿ ತಲೆ ತಗ್ಗಿಸಿತು. ಆ ಟಗರೂ ತಲೆ ತಗ್ಗಿಸಿತು. ಇಂಥ ಉದ್ಧಟತನವನ್ನು ನಮ್ಮ ಟಗರು ಗುರುಗುಂಟಾದಲ್ಲಿ ಯಾರಿಂದಲೂ ಕಂಡಿರಲಿಲ್ಲ. ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು. ಹೆದರಿತು ಎಂದುಕೊಂಡು ನಾನು ಹಗ್ಗ ಸಡಿಲ ಬಿಟ್ಟೆ. ಮಾವನಿಗೆ ಗೊತ್ತಾಯಿತು. "ಹಗ್ಗಾ ಹಿಡಿಯೋ," ಅಂದ.

ಟಗರು ಹತ್ತು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು ಫೋನಿಗೆ ಗುದ್ದಿತು. ಮಾಮೂಲಿ ಫೋನಿಗೆ ಅದು ಅಷ್ಟು ಮರ್ಯಾದೆ ಕೊಡುತ್ತಿರಲಿಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ.

ಫೋನು ಜೋಳದಲ್ಲಿ ಬಿದ್ದಿತ್ತು. ಮಾವನೇ ಹುಡುಕಿ ತಂದ. ಕೀಲು ಬಿಟ್ಟು ಎರಡು ಭಾಗವಾಗಿತ್ತು, ನಡುವೆ ಒಂದು ಎಳೆ ಹಿಡಿದುಕೊಂಡಿತ್ತು. ಟಗರು ಸುತ್ತಲೂ ಆ ಇನ್ನೊಂದು ಟಗರನ್ನು ಹುಡುಕುತ್ತಿತ್ತು. ಮಾವ ಪಡುವಣಕ್ಕೆ ನೋಡಿದ. ಹೊತ್ತು ಮುಳುಗಲು ಇನ್ನೂ ಎರಡು ಬೆರಳು ಇತ್ತು.

ಟಗರಿನ ಹಗ್ಗವನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡ.

ನಾನು ಎದ್ದು ನಿಂತು, ಅಷ್ಟೂ ಜನರ ಎದುರಿಗೆ, "ನಿನ್ನ ಫೋನೇ ಚಲೋ ಮಾವ" ಅಂದೆ.

"ಕೇಳಿಸ್ಲಿಲ್ಲ," ಅಂದಳು ಅಕ್ಕ.

ಇನ್ನೊಮ್ಮೆ ಅಂದೆ.

ಮಾವ ಕೆಟ್ಟ ಮನುಷ್ಯನಲ್ಲ. ಒಂದು ಕೈಯಲ್ಲಿ ಟಗರು ಹಿಡಿದುಕೊಂಡು, ಇನ್ನೊಂದರಲ್ಲಿ ತನ್ನ ಫೋನು ತೆಗೆದ. ನನ್ನ ಫೋನಿನ ಎರಡು ಭಾಗವನ್ನೂ ಒಂದರ ಮೇಲೊಂದು ಸರಿಯಾಗಿ ಕೂಡಿಸಿದ.

ಕೊನೆಗೆ ನನಗೆ ಕೊಟ್ಟದ್ದು ತನ್ನ ಫೋನಿನ ರಬ್ಬರ್ ಬ್ಯಾಂಡು.