ತಗಡು ಸೊರಬದಲ್ಲಿ, ಗೋಡೆ ಶಿಕಾರಿಪುರದಲ್ಲಿ

ಇಂದ:
ಗುತ್ಯಪ್ಪ, ರೈತ,
ತಾಳಗುಂದದಿಂದಾಚೆ, ಶಿಕಾರಿಪುರ ತಾಲ್ಲೂಕು ಮುಗಿಯುವ ಬೇಲಿಯ ಈಚೆ ಮಗ್ಗುಲಿನ ಮನೆ (ಸದ್ಯ ಅರ್ಧ ಸೂರು).

ಗೆ:
ಶ್ರೀಮಾನ್ ಸುಂಟರಗಾಳಿಯವರು,
ಕ್ಯಾಂಪ್: ಸೊರಬದ ಕಡೆ.

ವಿಷಯ: ತಾವು ಕೊಂಡೊಯ್ದ ತಗಡುಗಳನ್ನು ವಾಪಸ್ ತಂದುಕೊಡುವ ಬಗ್ಗೆ.

ಉಲ್ಲೇಖ: 1. ಕಳೆದ ಸೋಮವಾರ ಸಂಜೆಯ ತಮ್ಮ ಭೇಟಿ.
2. ತಾವು ಬಂದು ಹೋದ ಮೇಲೆ ನನ್ನ ಮೊಬೈಲಿಗೆ ಬಂದ "ಬಿರುಗಾಳಿ ಸಾಧ್ಯತೆ, ಎಚ್ಚರದಿಂದಿರಿ" ಎಂಬ ಸಂದೇಶ.

ಮಾನ್ಯರೇ,

ಮನುಷ್ಯರಾದ ಅಧಿಕಾರಿಗಳನ್ನೆಲ್ಲ ಕೇಳಿ ಮುಗಿದಿರುವ ಕಾರಣ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಮಗಳು ಚೈತ್ರ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದು, ಬಾಣಂತನಕ್ಕೆಂದೇ ಹಿತ್ತಲ ಕೋಣೆಗೆ ಹೊಸ ತಗಡು ಹೊದಿಸಿದ್ದೆ. ತಾಯಿ-ಮಗು ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ತಾವು ದಯಮಾಡಿಸಿದಿರಿ. ಬಾಣಂತಿ ನೋಡಲು ನೆಂಟರು ಬರುವುದುಂಟು. ಸೂರು ಎತ್ತಿ ಇಣುಕುವ ನೆಂಟರನ್ನು ನಾನು ಕಂಡಿರಲಿಲ್ಲ.

2. ಅಂಗಳಕ್ಕೆ ಕಬ್ಬಿಣ ಎಸೆದರೆ ಮನೆಗೆ ಸಿಡಿಲು ಬಡಿಯುವುದಿಲ್ಲವೆಂಬುದು ನಮ್ಮ ಹಿರಿಯರ ಪದ್ಧತಿ. ಗುಡುಗು ಶುರುವಾಗುತ್ತಲೇ ನನ್ನ ತಾಯಿ ಹುಚ್ಚಮ್ಮ ಕೈಗೆ ಸಿಕ್ಕ ಹಾರೆಯನ್ನು ಎಳೆದು ಎಸೆದರು. ಮೊಳೆ ಬಡಿಯುವುದು ಬಾಕಿಯಿದ್ದ ಕಾರಣ, ತಗಡು ಏಳದಿರಲೆಂದು ಸೂರಿನ ಅಂಚಿಗೆ ನಾನು ಭಾರಕ್ಕಿಟ್ಟಿದ್ದದ್ದು ಸದರಿ ಹಾರೆಯೇ. ಪದ್ಧತಿ ಫಲಿಸಿತು, ಸಿಡಿಲು ಬಡಿಯಲಿಲ್ಲ. ತಗಡು ಮಾತ್ರ ಹೋಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಮುದುಕಿ ಕೂಸಿನ ಮೇಲೆ ಸೆರಗು ಹರಡಿ ಬಾಗಿ ಕೂತಿದ್ದನ್ನು ಕಂಡು ತಾಡಪಾಲು ಹುಡುಕಲು ಹೋದೆ.

3. ತಗಡುಗಳು ಬೇಲಿ ದಾಟಿ, ಸೊರಬ ತಾಲ್ಲೂಕಿಗೆ ಸೇರಿದ ಹುಲಿಯಪ್ಪನ ಹೊಲದಲ್ಲಿ ಬಿದ್ದಿವೆ. ನಮ್ಮ ಕಡೆಯ ಕಂದಾಯ ಸಾಹೇಬರಾದ ಹರ್ಷವರ್ಧನರು ಬಂದು, "ಮನಿ ಐತಿ, ತಗಡು ಎಲ್ಲೈತ್ರೀ? ಹಾನಿಯಾದ ಮಾಲೇ ಇಲ್ದೆ ಪಂಚನಾಮೆ ಹೆಂಗ್ ಮಾಡ್ಲಿ?" ಎಂದರು. ಆ ಕಡೆಯ ಸಾಹೇಬರಾದ ಯತೀಶರು, "ತಗಡು ಇದೆ ಮಾರಾಯ್ರೇ, ಮನೆ ಎಲ್ಲಿ? ಮನೆ ಇಲ್ದಿದ್ ತಗಡಿಗೆ ಪರಿಹಾರ ಬರಿಯಕ್ಕಾಗುತ್ತಾ?" ಎಂದರು. ಪಂಚನಾಮೆ ಆಗುವವರೆಗೆ ತಗಡು ಮುಟ್ಟಕೂಡದೆಂದು ಮಾತ್ರ ಇಬ್ಬರೂ ಒಮ್ಮತದಿಂದ ಹೇಳಿದರು.

4. "ಹಾರೆ ತೆಗ್ದೋರು ಯಾರು?" ಎಂದು ಹರ್ಷವರ್ಧನ ಸಾಹೇಬರು ಬರೆದುಕೊಳ್ಳತೊಡಗಿದಾಗ ನನ್ನ ತಾಯಿ, "ನಾನೇ ತೆಗ್ದಿದ್ದು ಕಣಪ್ಪ. ಗಾಳಿಗೆ ತಾಲ್ಲೂಕು ಗೊತ್ತಿಲ್ಲ, ನಂಗೆ ಗಾಳಿ ಬರೋದು ಗೊತ್ತಿರ್ಲಿಲ್ಲ. ನಿಮ್ಗೆ ಎರಡೂ ಗೊತ್ತಿತ್ತಲ್ಲ, ನೀವೇನ್ ಮಾಡಿದ್ರಿ?" ಎಂದರು. ಸಾಹೇಬರು ಚಹಾ ಕುಡಿಯದೆ ಹೊರಟರು.

ಸದ್ಯ ಬಾಣಂತಿ ಕೋಣೆಗೆ ತಾಡಪಾಲು ಕಟ್ಟಿದ್ದೇನೆ. ಮೋಡ ಕವಿದಾಗಲೆಲ್ಲ ಚೈತ್ರ, "ಅಪ್ಪಾ, ಹಗ್ಗ ಬಿಗಿಯಾಗಿ ಕಟ್ಟಿದೀಯಾ?" ಎನ್ನುತ್ತಾಳೆ. ಕಟ್ಟಿದೀನಿ ಮಗಾ ಎನ್ನುತ್ತೇನೆ. ನನಗೆ ಭಯವಾಗುತ್ತದೆ ಸ್ವಾಮಿ.

ಆದ್ದರಿಂದ, ಈ ವಾರ ತಾವು ಮತ್ತೆ ಬರುವ ಸಂಭವವಿರುವ ಕಾರಣ, ಬರುವಾಗ ತಗಡುಗಳನ್ನು ತಂದು ಮೊದಲಿದ್ದಲ್ಲೇ ಇಡಬೇಕು. ಅದು ನಿಯಮಕ್ಕೆ ಒಗ್ಗದಿದ್ದಲ್ಲಿ, ಗೋಡೆಗಳನ್ನೂ ಹುಲಿಯಪ್ಪನ ಹೊಲಕ್ಕೇ ಒಯ್ದು ಇಳಿಸಬೇಕು. ಎಲ್ಲವೂ ಒಂದೇ ತಾಲ್ಲೂಕಿನಲ್ಲಿದ್ದರೆ ಪಂಚನಾಮೆ ಸುಲಭ. ತೊಟ್ಟಿಲಿರುವ ಮೂಲೆಯನ್ನು ಮಾತ್ರ ಬಿಡಬೇಕು. ಆ ಕೂಸಿಗಿನ್ನೂ ಹೆಸರಿಟ್ಟಿಲ್ಲ. ಅದೂ ಬೇಲಿ ದಾಟಿದರೆ ಎರಡೂ ಕಡೆಯವರು ನಮ್ಮದಲ್ಲ ಎನ್ನುತ್ತಾರೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಗುತ್ಯಪ್ಪ

ಲಗತ್ತು:
1. ಕೋಣೆಯ ಫೋಟೊ (ಆಕಾಶ ಚೆನ್ನಾಗಿ ಬಂದಿದೆ).
2. ಸದರಿ ಹಾರೆ. ಇನ್ನೂ ಅಂಗಳದಲ್ಲೇ ಇದೆ, ತಾಯಿ ಎತ್ತಲು ಬಿಡುತ್ತಿಲ್ಲ.

ವಿ.ಸೂ.: ಬರುವ ಮುಂಚೆ ತಾವೇ ಒಂದು ಮಾತು ತಿಳಿಸಿ. ಕೂಸನ್ನು ಎತ್ತಿಕೊಳ್ಳುವಷ್ಟು ಹೊತ್ತು ಸಿಕ್ಕರೆ ಸಾಕು.