ಅವಿಭಾಜ್ಯ ಸಂಖ್ಯೆಯೂ ನಮ್ಮನೆ ಫ್ರಿಜ್ಜೂ

ಕೆಲಸ ಅಂದರೆ ಕಣ್ಣಿಗೆ ಕಾಣಬೇಕು ಎಂಬುದು ನನ್ನ ಹಳೆಯ ನಂಬಿಕೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಬೆವರು ಸುರಿಸದೆ ಕೂತದ್ದೆಲ್ಲ ಸೋಮಾರಿತನವೇ. ಇಲ್ಲಿ ಗಲ್ಫಿನಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ತಮ್ಮ ದಿನೇಶ ಮಲಗುತ್ತಿದ್ದ. ಮಂಚದ ಕೆಳಗೆ ಅವನ ಹಳೆಯ ಕಂಪ್ಯೂಟರು, ಪರದೆ ಕಪ್ಪು, ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು.

"ಎಂತ ಮಾಡ್ತದೆ ಮಾರಾಯ ಅದು?"

"ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವಾ ಅಂತ ನೋಡ್ತಾ ಉಂಟು ಅಕ್ಕ. ಒಂದು ಬಿಟ್ರೆ, ಅದೇ ಸಂಖ್ಯೆ ಬಿಟ್ರೆ ಬೇರೆ ಯಾವುದ್ರಿಂದಲೂ ಭಾಗ ಹೋಗ್ಬಾರ್ದು."

ಬರೆಯ ಹೊರಟರೆ ಕೋಟಿಗೂ ಹೆಚ್ಚು ಅಂಕೆಗಳಂತೆ. ನಾಲ್ಕರಿಂದ ಶುರು, ವರ್ಗ ಮಾಡಿ, ಎರಡು ಕಳೆದು, ಆ ಮಹಾಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವನ್ನು ಮತ್ತೆ ವರ್ಗ ಮಾಡಬೇಕು. ಹೀಗೆ ಕೋಟಿಗಟ್ಟಲೆ ಸಲ. ನಡುವೆ ಒಂದು ಹೆಜ್ಜೆಯನ್ನೂ ಹಾರಿಸುವಂತಿಲ್ಲ. ಕೊನೆಗೆ ಶೇಷ ಸೊನ್ನೆಯಾದರೆ ಗೆದ್ದ ಹಾಗೆ.

"ಸೊನ್ನೆಗೆ ಇಷ್ಟು ಕರೆಂಟಾ? ನಿನ್ನ ಭಾವ ಪ್ರತಿ ತಿಂಗಳ ಕೊನೆಗೆ ಸುಮ್ಮನೆ ತರ್ತಾರಲ್ಲ!" ಎಂದೆ. ಅವನೂ ನಕ್ಕ.

ಆಮೇಲೆ ಕೆಲವು ವಾರದ ಕೆಲಸಕ್ಕೆಂದು ಕಂಪನಿ ಅವನನ್ನು ದೂರದ ಮರಳುಗಾಡಿನ ಊರು ಮದೀನತ್ ಜಾಯೆದ್‌ಗೆ ಕಳಿಸಿತು. ಅದೇ ಹೊತ್ತಿಗೆ ನಾವು ಊರಿಗೆ ಹಡಗಿನ ಕಾರ್ಗೋ ಕಟ್ಟುತ್ತಿದ್ದೆವು. ಪೆಟ್ಟಿಗೆಯಲ್ಲಿ ಜಾಗ ಖಾಲಿ ಉಳಿದರೆ ಗಲ್ಫಿನ ನಮ್ಮ ಹೆಂಗಸರಿಗೆ ನಿದ್ದೆ ಬರುವುದಿಲ್ಲ. ಹಾಲಿನ ಪುಡಿ, ಕಂಬಳಿ, ಸೋಪು ತುಂಬಿದರೂ ಒಂದು ಮೂಲೆ ಬಾಯಿ ಬಿಟ್ಟುಕೊಂಡಿತ್ತು. ಉಡುಪಿಯ ನಾದಿನಿ ಕಂಪ್ಯೂಟರ್ ಬೇಕೆಂದು ವರ್ಷದಿಂದ ರಾಗ ಎಳೆಯುತ್ತಿದ್ದಳು. ಕಪ್ಪು ಪರದೆಯ ಸೋಮಾರಿಯನ್ನು ನೋಡಿದೆ. ಖಲಾಸ್, ಪ್ಲಗ್ ಕಿತ್ತು ಕಂಬಳಿಯಲ್ಲಿ ಸುತ್ತಿದೆ.

ಮರುದಿನ ತಮ್ಮನ ಫೋನು. "ಅಕ್ಕ, ಓಡ್ತಾ ಉಂಟಾ?"

"ಉಂಟು."

"ಸ್ವಲ್ಪ ಕೇಳಿಸು, ಫ್ಯಾನಿನ ಸದ್ದು ಸರಿ ಉಂಟಾ ನೋಡ್ತೇನೆ."

ನಾನು ಫೋನನ್ನು ಫ್ರಿಜ್ಜಿನ ಬೆನ್ನಿಗೆ ಹಿಡಿದೆ.

"ಲಾಯ್ಕ ಉಂಟು" ಎಂದ. ಆಮೇಲೆ ಪ್ರತಿ ಸಂಜೆ ನನ್ನ ಪರವಾಗಿ ಫ್ರಿಜ್ಜೇ ಮಾತಾಡಿತು.

ಅವನು ಮರಳಿದಾಗ ಮಂಚದ ಕೆಳಗೆ ಬರೀ ಧೂಳು. ಊರಲ್ಲಿ ನಾದಿನಿ ಅದನ್ನು ಅಂಗಡಿಗೆ ಕೊಟ್ಟು, ಒಳಗಿದ್ದುದನ್ನೆಲ್ಲ ಅಳಿಸಿ ಹೊಸದು ಮಾಡಿಸಿಯಾಗಿತ್ತು. ಫ್ರಿಜ್ಜಿನ ಕತೆಯನ್ನೂ ಒಪ್ಪಿಕೊಂಡು, ಬೈಯುತ್ತಾನೆಂದು ಕಾದೆ. "ನಾನು ಕೇಳಿದ ದಿನವೇ ಹೇಳಿದ್ರೆ ಪೆಟ್ಟಿಗೆ ಇಲ್ಲೇ ಗೋಡೌನಲ್ಲಿತ್ತು ಅಕ್ಕ" ಎಂದ, ಅಷ್ಟೇ. ವಾರದೊಳಗೆ ಮದೀನತ್ ಜಾಯೆದ್‌ನಲ್ಲೇ ಕಾಯಂ ಕೆಲಸ ಕೇಳಿ ಪಡೆದು ಹೊರಟುಹೋದ.

ಆಮೇಲೊಮ್ಮೆ ಅವನೇ ತಿಳಿಸಿದ: ಆ ಸಂಖ್ಯೆಯನ್ನು ಬೇರೆ ಯಾರೋ, ಬೇರೆಲ್ಲೋ ಪೂರ್ತಿ ಪರೀಕ್ಷಿಸಿದರಂತೆ. ಸೊನ್ನೆ ಬರಲಿಲ್ಲ.

"ಹಾಗಾದ್ರೆ ನಷ್ಟ ಎಂತದೂ ಆಗ್ಲಿಲ್ಲ ಅಲ್ವಾ!" ಎಂದು ಕುಣಿದೆ.

"ಅವಿಭಾಜ್ಯ ಅಲ್ಲ ಅಂತಾದ್ರೂ ನನಗೇ ಗೊತ್ತಾಗ್ಬೇಕಿತ್ತು" ಎಂದ.

ಈಗ ಶುಕ್ರವಾರ ಫೋನ್ ಮಾಡುತ್ತಾನೆ. "ಹೇಗಿದ್ದೀ?" ಅನ್ನುತ್ತಾನೆ. "ಚೆನ್ನಾಗಿದ್ದೇನೆ" ಅನ್ನುತ್ತೇನೆ. "ಫ್ರಿಜ್ಜಿಗೆ ಕೊಡು, ಅದನ್ನೇ ಕೇಳ್ತೇನೆ" ಅನ್ನುತ್ತಾನೆ. ನಾನು ಕೊಡುತ್ತೇನೆ.

ಅದಕ್ಕೂ ವಯಸ್ಸಾಯಿತು, ಬದಲಾಯಿಸೋಣ ಎಂದು ನನ್ನ ಗಂಡನ ವರಾತ. ಹೊಸದು ಸದ್ದೇ ಮಾಡುವುದಿಲ್ಲವಂತೆ. ಬೇಡ ಎಂದಿದ್ದೇನೆ. ಈ ಮನೆಯಲ್ಲಿ ನನ್ನ ತಮ್ಮ ಮಾತು ಕೇಳುವುದು ಅದೊಂದರದ್ದೇ.